ಮನೆಯ ಹಳೆಯ ಪಿಯಾನೋ: ವಯಸ್ಸಿಗೆ ಯಾರ ಮಾತು, ಬೆಲೆಗೆ ಯಾರ ಮಾತು?

ಹಳೆಯ ಪಿಯಾನೋ ಇರುವ ಮನೆಯವರು ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುತ್ತಾರೆ: ಇದು ಎಷ್ಟು ವರ್ಷದ್ದು, ಎಷ್ಟು ಬೆಲೆ ಬಾಳುತ್ತದೆ? ವಯಸ್ಸು ಹೆಚ್ಚಾದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆ ಆ ಪ್ರಶ್ನೆಯೊಳಗೇ ಅಡಗಿರುತ್ತದೆ. ಪಿಟೀಲಿನ ವಿಷಯದಲ್ಲಿ ಅದು ಕೆಲವೊಮ್ಮೆ ನಿಜ, ಪಿಯಾನೋ ವಿಷಯದಲ್ಲಿ ಬಹುಪಾಲು ಸುಳ್ಳು. ಪಿಯಾನೋ ಎಂದರೆ ಮರದ ಪೆಟ್ಟಿಗೆಯಲ್ಲಿ ಕೂರಿಸಿದ ಯಂತ್ರ. ಅದರ ಸುಮಾರು 230 ತಂತಿಗಳು ಒಟ್ಟು 18ರಿಂದ 20 ಟನ್ನಿನಷ್ಟು ಸೆಳೆತವನ್ನು ಹಗಲೂ ರಾತ್ರಿ ಎರಕದ ಕಬ್ಬಿಣದ ಚೌಕಟ್ಟಿನ ಮೇಲೆ ಹೇರುತ್ತಿರುತ್ತವೆ. ಯಾರೂ ನುಡಿಸದೆ ಮೂಲೆಯಲ್ಲಿ ನಿಂತಿದ್ದರೂ ಆ ಸೆಳೆತಕ್ಕೆ ಬಿಡುವಿಲ್ಲ. ಹೀಗೆ ನೂರು ವರ್ಷ ಕಳೆದ ವಾದ್ಯದ ಚರಿತ್ರೆ ಎಷ್ಟೇ ಸೊಗಸಾಗಿದ್ದರೂ ಕೊಳ್ಳುವವನು ನೋಡುವುದು ಸವೆತವನ್ನು.

ಆದ್ದರಿಂದ ಎರಡು ಪ್ರಶ್ನೆಗಳನ್ನು ಬೇರೆ ಮಾಡಿಕೊಳ್ಳಿ. ವಯಸ್ಸಿಗೆ ನಾಲ್ಕೈದು ದಾರಿಗಳಿವೆ, ಬೆಲೆಗೂ ಅಷ್ಟೇ ದಾರಿಗಳಿವೆ. ಒಂದಕ್ಕೆ ಸರಿಹೋಗುವ ದಾರಿ ಇನ್ನೊಂದಕ್ಕೆ ಸರಿಹೋಗುವುದು ಅಪರೂಪ.

‘ಕುಟುಂಬದ್ದು’ ಎಂದರೆ ಯಾವ ಕುಟುಂಬದ್ದು?

ಕರ್ನಾಟಕದಲ್ಲಿ ಇಂಥ ವಾದ್ಯಗಳು ಇರುವ ಜಾಗಗಳು ಬಲ್ಲವರಿಗೆ ಗೊತ್ತು: ಬೆಂಗಳೂರು ದಂಡಿನ ರಿಚರ್ಡ್ಸ್ ಟೌನ್, ಕುಕ್ ಟೌನ್, ಫ್ರೇಜರ್ ಟೌನ್ ಕಡೆಯ ಹಳೆಯ ಬಂಗಲೆಗಳು, ಕೋಲಾರದ ಚಿನ್ನದ ಗಣಿಯ ವಸತಿಗಳು, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳು, ಮಂಗಳೂರಿನ ಕ್ರೈಸ್ತ ಮನೆತನಗಳು, ಮೈಸೂರು. ಇವುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನ ಅಥವಾ ಜರ್ಮನಿಯ ಅಪ್‌ರೈಟ್ ಪಿಯಾನೋಗಳು, ಅಂದರೆ ಗೋಡೆಗೆ ಒರಗಿಸಿ ನಿಲ್ಲಿಸುವಂಥವು. 1947ರ ನಂತರ ಬ್ರಿಟಿಷರು ಹೊರಟರು. ಮುಂದಿನ ದಶಕಗಳಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಗಳಿಗೆ ವಲಸೆ ಹೋದವು. ಪಿಯಾನೋ ಹಡಗಿಗೆ ಹೇರುವ ವಸ್ತುವಲ್ಲ. ಹರಾಜಿನಲ್ಲಿಯೋ, ನೆರೆಮನೆಯವರಿಗೋ, ಚರ್ಚಿಗೋ, ಶಾಲೆಗೋ ಕೊಟ್ಟು ಹೋದರು. ಹಾಗಾಗಿ ‘ನಮ್ಮ ಅಜ್ಜಿಯ ಪಿಯಾನೋ’ ಎನ್ನುವುದರ ಚರಿತ್ರೆ ಅಜ್ಜಿಗಿಂತ ಮುಂಚೆ ಇನ್ನೊಂದು, ಮತ್ತೊಂದು ಮನೆಯಲ್ಲಿ ಶುರುವಾಗಿರುವ ಸಾಧ್ಯತೆ ಹೆಚ್ಚು.

ಇದರ ಜೊತೆಗೆ ಇನ್ನೊಂದು ಸಂಗತಿ. 1957ರ ವಿದೇಶಿ ವಿನಿಮಯ ಬಿಕ್ಕಟ್ಟಿನ ಬಳಿಕ ಆಮದು ಬಿಗಿಯಾಯಿತು. ಹೊಸ ವಾದ್ಯ ತರಿಸುವುದು ಸಾಮಾನ್ಯರ ಕೈಗೆಟುಕದಾದಾಗ ಇದ್ದವನ್ನೇ ಬಿಚ್ಚಿ ಕಟ್ಟಿ ನಡೆಸಿದರು. ಒಂದರ ಹ್ಯಾಮರ್, ಅಂದರೆ ತಂತಿಗೆ ಬಡಿಯುವ ಸುತ್ತಿಗೆ, ಇನ್ನೊಂದಕ್ಕೆ, ಒಂದರ ಕೀಲಿ ಮತ್ತೊಂದಕ್ಕೆ ಬಂತು. ಹೊರಗಿನ ಹೆಸರೂ ಒಳಗಿನ ಭಾಗಗಳೂ ತಾಳೆಯಾಗದಿದ್ದರೆ ಅದು ಮೋಸವೇ ಆಗಬೇಕಿಲ್ಲ, ಆ ಕಾಲದ ರಿಪೇರಿಯೂ ಆಗಿರಬಹುದು.

ಮೈಸೂರಿನ ಕಡೆ ಕೇಳಿಬರುವ ‘ಅರಮನೆಯಿಂದ ಬಂದದ್ದು’ ಎಂಬ ಮಾತಿಗೂ ಇಲ್ಲೇ ಒಂದು ಮಾತು. ಜಯಚಾಮರಾಜೇಂದ್ರ ಒಡೆಯರ್ ಪಾಶ್ಚಾತ್ಯ ಸಂಗೀತದಲ್ಲಿ ನಿಜವಾಗಿಯೂ ಪಳಗಿದವರು. ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆಗಿದ್ದವರು. 1940ರ ದಶಕದ ಕೊನೆಯಲ್ಲಿ ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರ್ ಅವರ ಧ್ವನಿಮುದ್ರಣಗಳಿಗೆ ಹಣ ಕೊಟ್ಟವರು, ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಚರ್ಟೊವನ್ನು ಅರ್ಪಿಸಿದ್ದು ಅವರಿಗೇ. ಇದೆಲ್ಲ ಸತ್ಯವಾದ ಮಾತ್ರಕ್ಕೆ ಮೈಸೂರಿನ ಪ್ರತಿ ಹಳೆಯ ಪಿಯಾನೋ ಅರಮನೆಯದಾಗುವುದಿಲ್ಲ. ರಶೀದಿ, ಪತ್ರ, ಛಾಯಾಚಿತ್ರ, ದಾಸ್ತಾನು ಪಟ್ಟಿ, ಇವುಗಳಲ್ಲಿ ಒಂದಾದರೂ ಇಲ್ಲದಿದ್ದರೆ ಆ ಕಥೆಯನ್ನು ಮಕ್ಕಳಿಗೆ ಹೇಳಿ, ಕೊಳ್ಳುವವರಿಗೆ ಹೇಳಬೇಡಿ.

ವಯಸ್ಸು ತಿಳಿಯಲು: ಸಂಖ್ಯೆಯೋ, ಹೆಸರೋ, ಒಳಗಿನ ಗುರುತೋ?

ಎಲ್ಲರೂ ಮೊದಲು ಹುಡುಕುವುದು ಕ್ರಮಸಂಖ್ಯೆಯನ್ನು. ಅಪ್‌ರೈಟ್ ಆದರೆ ಮೇಲಿನ ಮುಚ್ಚಳ ಎತ್ತಿ, ಟಾರ್ಚ್ ಹಿಡಿದು ನೋಡಿ. ಕಬ್ಬಿಣದ ಚೌಕಟ್ಟಿನ ಮೇಲೆ, ತಂತಿ ಸುತ್ತಿದ ಪಿನ್ನುಗಳ ಹತ್ತಿರ, ಇಲ್ಲವೇ ಪಕ್ಕದ ಹಲಗೆಯ ಮೇಲ್ತುದಿಯಲ್ಲಿ ನಾಲ್ಕರಿಂದ ಆರು ಅಂಕಿಗಳ ಸಂಖ್ಯೆ ಒತ್ತಿರುತ್ತದೆ ಅಥವಾ ಬಣ್ಣದಲ್ಲಿ ಬರೆದಿರುತ್ತದೆ. ಕೆಲವು ವಾದ್ಯಗಳಲ್ಲಿ ಅದು ಹಿಂಬದಿಯಲ್ಲಿರುತ್ತದೆ. ಗ್ರ್ಯಾಂಡ್ ಆದರೆ, ಅಂದರೆ ತಂತಿಗಳು ಅಡ್ಡಲಾಗಿ ಮಲಗಿರುವ ಮಾದರಿಯಾದರೆ, ಚೌಕಟ್ಟಿನ ಮೇಲೆ ಅಥವಾ ಅದರ ಕೆಳಗಿನ ಸೌಂಡ್‌ಬೋರ್ಡ್ ಎಂಬ ನಾದದ ಹಲಗೆಯ ಮೇಲೆ. ಒಂದಕ್ಕಿಂತ ಹೆಚ್ಚು ಸಂಖ್ಯೆ ಕಂಡರೆ ಗಾಬರಿಯಾಗಬೇಡಿ: ಚೌಕಟ್ಟಿನ ಎರಕದಲ್ಲೇ ಉಬ್ಬಿಕೊಂಡಿರುವುದು ಅಚ್ಚಿನ ಸಂಖ್ಯೆ, ಎರಡು ಮೂರು ಅಂಕಿಯದು ಮಾದರಿಯ ಸಂಖ್ಯೆ. ಎಲ್ಲವನ್ನೂ ಬರೆದುಕೊಳ್ಳಿ, ಯಾವುದನ್ನೂ ಉಜ್ಜಿ ತೊಳೆಯಬೇಡಿ.

ಈ ಸಂಖ್ಯೆಯಿಂದ ಎಷ್ಟು ಪ್ರಯೋಜನ ಎನ್ನುವುದು ತಯಾರಕರ ಮೇಲೆ ನಿಂತಿದೆ. ಸ್ಟೈನ್‌ವೇ, ಬೆಕ್‌ಸ್ಟೈನ್, ಬ್ಲೂಟ್ನರ್ ಮೂರೂ 1853ರಲ್ಲಿ ಶುರುವಾದ ಕಂಪನಿಗಳು, ಮೂರೂ ಇಂದಿಗೂ ಇವೆ. ಅವುಗಳ ಸಂಖ್ಯೆಗೆ ವರ್ಷ ಹೊಂದಿಸುವ ಪಟ್ಟಿಗಳು ನಂಬಲರ್ಹ. ಸ್ಟೈನ್‌ವೇಯ 1,00,000ನೆಯ ಪಿಯಾನೋ 1903ರದು, 5,00,000ನೆಯದು 1988ರದು. ನಿಮ್ಮ ಸಂಖ್ಯೆ ಎಲ್ಲಿ ಬೀಳುತ್ತದೆಂದು ಸುಮಾರಾಗಿ ಲೆಕ್ಕ ಹಾಕಲು ಇಷ್ಟೇ ಸಾಕು. ಯಮಾಹಾ ಮೊದಲ ಅಪ್‌ರೈಟ್ ಮಾಡಿದ್ದು 1900ರಲ್ಲಿ. ಆ ಕಂಪನಿಯ ವಾದ್ಯವಾದರೆ ಸಂಖ್ಯೆಯಿಂದ ವರ್ಷವಷ್ಟೇ ಅಲ್ಲ, ಯಾವ ಕಾರ್ಖಾನೆಯದು ಎನ್ನುವುದೂ ಸಾಮಾನ್ಯವಾಗಿ ತಿಳಿಯುತ್ತದೆ. ಲಂಡನ್ನಿನ ಬ್ರಾಡ್‌ವುಡ್ ಇನ್ನೂ ವಿಶೇಷ. ಅದರ ಹಳೆಯ ಕಡತಗಳು ವೋಕಿಂಗ್ ಪಟ್ಟಣದ ಸರ್ರೆ ಹಿಸ್ಟರಿ ಸೆಂಟರಿನಲ್ಲಿ ಉಳಿದಿವೆ. ಅದೃಷ್ಟವಿದ್ದರೆ ವಾದ್ಯ ಕಾರ್ಖಾನೆಯಿಂದ ಯಾವ ದಿನ ಹೊರಟಿತು, ಯಾರ ಹೆಸರಿಗೆ ಹೋಯಿತು ಎನ್ನುವವರೆಗೆ ದಾಖಲೆ ಸಿಗಬಹುದು. ಚರಿತ್ರೆ ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಆದರೆ ನಮ್ಮಲ್ಲಿರುವ ಬಹಳಷ್ಟು ಪಿಯಾನೋಗಳು ಈ ಪಂಕ್ತಿಯವಲ್ಲ. ಲಂಡನ್ನಿನ ಕ್ಯಾಮ್ಡೆನ್ ಟೌನ್ ಸುತ್ತಮುತ್ತ ಒಂದು ಕಾಲಕ್ಕೆ ಬಹಳ ಮಂದಿ ಸಣ್ಣ ತಯಾರಕರಿದ್ದರು. ಕಂಪನಿ ಮುಳುಗಿತು, ಪುಸ್ತಕಗಳು ಎಲ್ಲೋ ಹೋದವು. ‘ಪಿಯರ್ಸ್ ಪಿಯಾನೋ ಅಟ್ಲಾಸ್’ ಎಂಬ ಆಕರಗ್ರಂಥದಲ್ಲಿ ಸಾವಿರಾರು ಹೆಸರುಗಳಿವೆ. ಟ್ಯೂನರುಗಳು, ಅಂದರೆ ಪಿಯಾನೋ ಶ್ರುತಿ ಮಾಡುವವರು, ಮೊದಲು ತೆರೆಯುವುದು ಅದನ್ನೇ. ಅದರಲ್ಲೂ ಸಣ್ಣ ಕಂಪನಿಗಳ ಸಂಖ್ಯೆ-ವರ್ಷಗಳು ಅಂದಾಜು, ಕೆಲವಕ್ಕೆ ಅದೂ ಇಲ್ಲ. ಅಂಥ ವಾದ್ಯವಿದ್ದರೆ ಸಂಖ್ಯೆಯ ಬೆನ್ನು ಹತ್ತಿ ವಾರಗಟ್ಟಲೆ ಕಳೆಯಬೇಡಿ.

ಎರಡನೆಯ ದಾರಿ ಕೀಲಿಮಣೆಯ ಮುಚ್ಚಳದ ಮೇಲಿರುವ ಹೆಸರು. ಇಲ್ಲಿ ಮುಗ್ಗರಿಸದವರು ಕಡಿಮೆ. ಚಿನ್ನದ ಅಕ್ಷರದಲ್ಲಿ ‘ಮಿಸ್ಕ್ವಿತ್, ಮದ್ರಾಸ್’, ‘ರೋಸ್, ಬಾಂಬೆ’, ‘ಬೆವನ್, ಕಲ್ಕತ್ತಾ’ ಎಂದಿದ್ದರೆ ಅವು ಪ್ರಧಾನವಾಗಿ ಮಾರಾಟಗಾರರ ಹೆಸರುಗಳು. 1842ರಲ್ಲಿ ಮದ್ರಾಸಿನಲ್ಲಿ ಶುರುವಾದ ಮಿಸ್ಕ್ವಿತ್ ಅಂಗಡಿಯೇ ಮುಂದೆ ಮ್ಯೂಸೀ ಮ್ಯೂಸಿಕಲ್ ಆಯಿತು, 1865ರಲ್ಲಿ ಹುಟ್ಟಿದ ಮುಂಬೈಯ ಫರ್ಟಾಡೋಸ್ ಇಂದಿಗೂ ಇದೆ. ಇಂಥ ಅಂಗಡಿಗಳು ವಿದೇಶದಿಂದ ತರಿಸಿದ ವಾದ್ಯದ ಮೇಲೆ ತಮ್ಮ ಹೆಸರನ್ನೂ ಬರೆಸುತ್ತಿದ್ದವು. ಕೆಲವೊಮ್ಮೆ ತಮ್ಮ ಹೆಸರನ್ನು ಮಾತ್ರ ಬರೆಸುತ್ತಿದ್ದವು. ಆಗ ನಿಜವಾದ ತಯಾರಕರು ಯಾರೆಂದು ಹೊರಗಿನಿಂದ ಗೊತ್ತಾಗದು, ಕಬ್ಬಿಣದ ಚೌಕಟ್ಟಿನ ಎರಕವನ್ನೋ ಒಳಗಿನ ಯಂತ್ರಭಾಗದ ಮುದ್ರೆಯನ್ನೋ ನೋಡಬೇಕು. ಅದಾದರೂ ಅಂಗಡಿಯ ಹೆಸರು ವ್ಯರ್ಥವಲ್ಲ. ಆ ಅಂಗಡಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ರಸ್ತೆಯಲ್ಲಿತ್ತು ಎಂಬುದು ಹಳೆಯ ಪತ್ರಿಕೆಗಳ ಜಾಹೀರಾತಿನಲ್ಲಿ, ನಗರ ಡೈರೆಕ್ಟರಿಗಳಲ್ಲಿ ಸಿಗುತ್ತದೆ. ವಾದ್ಯ ನಮ್ಮ ದೇಶಕ್ಕೆ ಕಾಲಿಟ್ಟ ಕಾಲವನ್ನು ಹೇಳುವುದು ಅದೊಂದೇ. ಕ್ರಮಸಂಖ್ಯೆ ಕಾರ್ಖಾನೆ ಬಿಟ್ಟದ್ದನ್ನು ಹೇಳುತ್ತದೆ, ಅಂಗಡಿಯ ಪಟ್ಟಿ ದಡ ಸೇರಿದ್ದನ್ನು ಹೇಳುತ್ತದೆ. ಎರಡರ ನಡುವೆ ಒಂದೆರಡು ವರ್ಷ ಸರಿದಿರುವುದು ಸಹಜ.

ನನಗೆ ಹೆಚ್ಚು ಇಷ್ಟವಾದ್ದು ಮೂರನೆಯ ದಾರಿ: ವಾದ್ಯದ ಮೈಯನ್ನೇ ಓದುವುದು. ಅಪ್‌ರೈಟಿನ ಮುಚ್ಚಳ ಎತ್ತಿದಾಗ ಮುಂದಿನ ಹಲಗೆಯ ಒಳಬದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಮರದ ಚಿಲಕ ಇರುತ್ತದೆ. ಅದನ್ನು ತಿರುಗಿಸಿದರೆ ಹಲಗೆ ಸಡಿಲಾಗಿ ಮುಂದಕ್ಕೆ ಬರುತ್ತದೆ. ಇಬ್ಬರು ಹಿಡಿದು ಇಳಿಸಿ. ಒಳಗೆ ಹ್ಯಾಮರುಗಳ ಸಾಲು, ಅವುಗಳ ಹಿಂದೆ ತಂತಿ. ತಂತಿಗಳೆಲ್ಲ ಒಂದೇ ಓಟದಲ್ಲಿ ಮೇಲಿನಿಂದ ಕೆಳಕ್ಕೆ ಇಳಿದಿದ್ದರೆ ಅದು ನೇರ ತಂತಿಯ ಹಳೆಯ ಮಾದರಿ. ಮಂದ್ರದ ದಪ್ಪ ತಂತಿಗಳು ಉಳಿದವುಗಳನ್ನು ಓರೆಯಾಗಿ ದಾಟಿಕೊಂಡು ಹೋಗಿದ್ದರೆ ಅಡ್ಡ ತಂತಿಯ ಮಾದರಿ, ಸಾಮಾನ್ಯವಾಗಿ ಇದು ಹೆಚ್ಚು ಬೆಲೆಯದು. ಹ್ಯಾಮರುಗಳ ಮುಂದೆ ಸಣ್ಣ ಕಂಬಿಗಳ ಪರದೆಯಂಥ ಸಾಲು ಕಂಡರೆ ನಾದವನ್ನು ತಡೆಯುವ ಡ್ಯಾಂಪರುಗಳು ಹ್ಯಾಮರಿನ ಮೇಲ್ಭಾಗದಲ್ಲಿವೆ ಎಂದರ್ಥ. ಟ್ಯೂನರುಗಳು ಅದನ್ನು ‘ಬರ್ಡ್‌ಕೇಜ್’, ಹಕ್ಕಿಪಂಜರ, ಎಂದು ಕರೆಯುತ್ತಾರೆ. ಕರೆಯುವಾಗ ಮುಖ ಸಿಂಡರಿಸುತ್ತಾರೆ ಕೂಡ. ಕಂಬಿಗಳ ನಡುವೆ ಕೈ ಹಾಕಿ ಶ್ರುತಿ ಮಾಡುವುದು ಕಷ್ಟ, ನಾದ ತಕ್ಷಣ ನಿಲ್ಲುವುದೂ ಇಲ್ಲ. ಇಂಥವನ್ನು ಮುಟ್ಟಲೊಲ್ಲೆ ಎನ್ನುವ ಟ್ಯೂನರುಗಳಿದ್ದಾರೆ.

ಕೀಲಿಗಳನ್ನು ಎಣಿಸಿ. 88 ಇಂದಿನ ರೂಢಿ. 85 ಇದ್ದರೆ ಹತ್ತೊಂಬತ್ತನೆಯ ಶತಮಾನದ್ದೋ ಇಪ್ಪತ್ತನೆಯದರ ಮೊದಲ ದಶಕಗಳದ್ದೋ ಆಗಿರುವ ಸಂಭವ ಹೆಚ್ಚು. ಮುಂದಿನ ಹಲಗೆಯಲ್ಲಿ ಹಿತ್ತಾಳೆಯ ಮೋಂಬತ್ತಿ ಸ್ಟ್ಯಾಂಡ್, ಅಥವಾ ಅದನ್ನು ಕಿತ್ತ ತಿರುಪುಮೊಳೆಯ ತೂತು, ವಿದ್ಯುತ್ತಿಗಿಂತ ಹಿಂದಿನ ಕಾಲವನ್ನು ಸೂಚಿಸುತ್ತದೆ. ‘ಮೇಡ್ ಇನ್ ಜರ್ಮನಿ’ ಎಂದಿದ್ದರೆ 1887ರ ನಂತರದ್ದೆಂದು ಊಹಿಸಬಹುದು. ಆ ವರ್ಷ ಬಂದ ಬ್ರಿಟನ್ನಿನ ಕಾನೂನಿನಿಂದ ಈ ಬರಹ ಚಾಲ್ತಿಗೆ ಬಂತು. ರಾಜಮನೆತನಕ್ಕೆ ಒದಗಿಸುವವರು ಎಂಬ ಬರಹವಿದ್ದರೆ ರಾಣಿಯೋ ರಾಜನೋ ನೋಡಿ: ವಿಕ್ಟೋರಿಯಾ ತೀರಿಕೊಂಡದ್ದು 1901ರಲ್ಲಿ, ಅಲ್ಲಿಂದ 1952ರವರೆಗೆ ಸಿಂಹಾಸನದಲ್ಲಿದ್ದವರೆಲ್ಲ ರಾಜರು. ವಸ್ತುಪ್ರದರ್ಶನಗಳ ಪದಕಗಳ ಚಿತ್ರ ಕಂಡು ‘ಅಬ್ಬಾ, 1862!’ ಎಂದು ಹಿಗ್ಗುವವರಿದ್ದಾರೆ. ಆ ಇಸವಿ ಪದಕದ್ದು, ಪಿಯಾನೋದ್ದಲ್ಲ. ಒಮ್ಮೆ ಗೆದ್ದ ಪದಕವನ್ನು ಕಂಪನಿ ಮುಂದೆ ಹಲವು ದಶಕ ಅಚ್ಚು ಹಾಕಿಸುತ್ತಲೇ ಇರುತ್ತದೆ. ವಾದ್ಯ ಅದಕ್ಕಿಂತ ಹಳೆಯದಲ್ಲ ಎಂಬುದಷ್ಟೇ ಅದರಿಂದ ಸಾಬೀತು.

ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ ಇರುವುದು ಕೀಲಿಗಳ ಪಕ್ಕದಲ್ಲಿ. ಬಿಳಿ ಕೀಲಿಯ ಮೇಲ್ಮುಖ ಮಾತ್ರ ನಮಗೆ ಕಾಣುತ್ತದೆ, ಅದರ ಮರದ ದೇಹ ಒಳಗೆ ಒಂದೂವರೆ ಗೇಣಿಗೂ ಹೆಚ್ಚು ಉದ್ದ ಚಾಚಿಕೊಂಡಿರುತ್ತದೆ. ಎಡಗಡೆಯ ಮೊದಲ ಕೀಲಿಯನ್ನು ಟ್ಯೂನರ್ ಹೊರತೆಗೆದಾಗ ಅದರ ಬದಿಯಲ್ಲಿ ಒತ್ತಿದ ಸಂಖ್ಯೆ, ಕೀಲಿ ಮಾಡಿದವನ ಸಹಿ, ಕೆಲವೊಮ್ಮೆ ಪೆನ್ಸಿಲಿನಲ್ಲಿ ತಿಂಗಳು-ಇಸವಿ ಇರುತ್ತದೆ. ನಂತರ ಬಂದ ಟ್ಯೂನರುಗಳೂ ಅಲ್ಲೇ ತಮ್ಮ ಹೆಸರು, ತಾರೀಖು, ಊರು ಬರೆದು ಹೋಗಿರುತ್ತಾರೆ. ಬೆಂಗಳೂರು, ಊಟಿ, ಮತ್ತೆ ಬೆಂಗಳೂರು ಎಂದು ಮೂರು ಸಾಲು ಸಿಕ್ಕರೆ ವಾದ್ಯ ತಿರುಗಾಡಿದ ದಾರಿಯೇ ಸಿಕ್ಕಂತೆ. ಇದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಕೀಲಿಗಳನ್ನು ನೀವೇ ಕೀಳಲು ಹೋಗಬೇಡಿ, ನೂರು ವರ್ಷದ ಒಣಮರ ಸಣ್ಣ ತಿರುಚಿಗೂ ಸೀಳುತ್ತದೆ.

ಇನ್ನೊಂದು ಗುರುತು ನಮ್ಮ ಹವೆಗಾಗಿಯೇ ಮಾಡಿದ ವಾದ್ಯಗಳದು. ಉಷ್ಣ ದೇಶಗಳಿಗೆ ಕಳುಹಿಸುವ ಪಿಯಾನೋಗಳಲ್ಲಿ ಅಂಟನ್ನೊಂದೇ ನಂಬದೆ ಹಿತ್ತಾಳೆಯ ತಿರುಪುಮೊಳೆಗಳನ್ನೂ ಹಾಕುತ್ತಿದ್ದರು. ಮೂಲೆಗಳಿಗೆ ಹಿತ್ತಾಳೆ ಪಟ್ಟಿ, ಹೊದಿಕೆ ಮರದ ಬದಲು ಗಟ್ಟಿ ತೇಗ ಅಥವಾ ಮಹಾಗನಿ. ಇಂಥದ್ದು ಸಿಕ್ಕರೆ ಅದು ಹುಟ್ಟಿದಾಗಲೇ ಇತ್ತ ಕಡೆಗೆಂದು ಹೊರಟ ವಾದ್ಯ. ಹೊಳಪಿನ ಹೊದಿಕೆ ಹಾಕಿದ ಯೂರೋಪಿನ ಮನೆಬಳಕೆಯ ಮಾದರಿ ಮಂಗಳೂರಿನಲ್ಲಿ ನಾಲ್ಕು ಮಳೆಗಾಲದಲ್ಲಿ ಎದ್ದು ಬರುವಾಗ, ಇದು ಇಂದಿಗೂ ಗಟ್ಟಿಯಾಗಿ ನಿಂತಿರುತ್ತದೆ.

ಮನೆಯ ಕಾಗದಪತ್ರ ಮತ್ತು ಹಿರಿಯರ ನೆನಪು ಉಳಿದ ದಾರಿಗಳು. ನೆನಪಿಗಿಂತ ಮದುವೆಯ ಛಾಯಾಚಿತ್ರ ಮೇಲು. ಹಿನ್ನೆಲೆಯಲ್ಲಿ ಪಿಯಾನೋ ನಿಂತಿದ್ದರೆ ಆ ವರ್ಷ ಅದು ಆ ಮನೆಯಲ್ಲಿತ್ತು ಎಂಬುದಕ್ಕೆ ಎರಡು ಮಾತಿಲ್ಲ.

ಬೆಲೆ: ಯಾರನ್ನು ಕೇಳಿದರೆ ಎಂಥ ಉತ್ತರ

ಆನ್‌ಲೈನ್ ಜಾಹೀರಾತುಗಳನ್ನು ನೋಡಿ ಬೆಲೆ ಕಟ್ಟುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ನಿರರ್ಥಕ. ಅಲ್ಲಿರುವುದು ಮಾರುವವನ ಆಸೆ, ವ್ಯಾಪಾರ ಕುದುರಿದ ಮೊತ್ತವಲ್ಲ. ಅದೇ ಜಾಹೀರಾತು ವರ್ಷಗಟ್ಟಲೆ ಅಲ್ಲೇ ಕುಳಿತಿರುವುದನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಇಂಗ್ಲೆಂಡ್, ಅಮೆರಿಕದ ಬೆಲೆಗಳನ್ನು ರೂಪಾಯಿಗೆ ಪರಿವರ್ತಿಸಿ ಹಿಗ್ಗುವುದೂ ಬೇಡ. ಅಲ್ಲಿ ಸಾಧಾರಣ ಹಳೆಯ ಅಪ್‌ರೈಟುಗಳನ್ನು ಪುಕ್ಕಟೆ ಕೊಂಡೊಯ್ಯಿರಿ ಎಂದರೂ ಬರುವವರಿಲ್ಲ, ಎಷ್ಟೋ ವಾದ್ಯಗಳು ಕಸಕ್ಕೆ ಹೋಗುತ್ತಿವೆ.

ಹಳೆಯ ಪೀಠೋಪಕರಣ ವ್ಯಾಪಾರಿ ಬಂದರೆ ನೋಡುವುದು ಮರವನ್ನು: ಕೆತ್ತನೆ, ಹಿತ್ತಾಳೆ, ಹೊಳಪು. ನಾದ ಹೊರಡದ ಪಿಯಾನೋಗೂ ಅವನು ದುಡ್ಡು ಕೊಡಬಹುದು, ಹೋಟೆಲಿನ ಮೊಗಸಾಲೆಯಲ್ಲಿ ಅದು ಅಲಂಕಾರವಾಗಿ ನಿಲ್ಲುತ್ತದೆ. ವಾದ್ಯ ಸತ್ತಿದೆ, ಪೆಟ್ಟಿಗೆ ಚಂದವಿದೆ ಎಂದಾದರೆ ಇವನೇ ಸರಿಯಾದ ಗಿರಾಕಿ. ನುಡಿಸಲು ಬರುವ ಒಳ್ಳೆಯ ಬೆಕ್‌ಸ್ಟೈನನ್ನು ಇವನ ಕೈಗೆ ಕೊಡುವುದು ಅನ್ಯಾಯ.

ಪಿಯಾನೋ ಅಂಗಡಿಯವರಿಗೆ ವಿಷಯ ಚೆನ್ನಾಗಿ ಗೊತ್ತು. ಆದರೆ ಅವರೇ ಕೊಳ್ಳುವವರಾಗಿದ್ದರೆ ಹೇಳುವ ಬೆಲೆ ಕೆಳಗಿರುತ್ತದೆ, ಹೊಸದನ್ನು ಮಾರಬೇಕೆಂದಿದ್ದರೆ ನಿಮ್ಮದನ್ನು ಇನ್ನಷ್ಟು ಕೆಳಗಿಳಿಸುತ್ತಾರೆ. ತಪ್ಪಲ್ಲ, ವ್ಯಾಪಾರ. ಒಂದು ಅಂಗಡಿಯ ಮಾತನ್ನು ಇನ್ನೊಂದು ಅಂಗಡಿಯ ಮಾತಿನ ಪಕ್ಕ ಇಟ್ಟು ನೋಡಿದರಾಯಿತು. ಅವರ ಅಂಗಳದಲ್ಲಿ ಈಗ ನಿಮ್ಮ ವಾದ್ಯಕ್ಕೆ ಪೈಪೋಟಿ ಕೊಡುತ್ತಿರುವುದು ಜಪಾನಿನಿಂದ ಬಂದ ಬಳಸಿದ ಯಮಾಹಾ, ಕವಾಯ್ ಅಪ್‌ರೈಟುಗಳು. ಮಗುವಿಗೆ ಪಿಯಾನೋ ಕಲಿಸಬೇಕೆನ್ನುವ ಪೋಷಕರು ಕೊಳ್ಳುವುದು ಅವುಗಳನ್ನೇ. ನಿಮ್ಮ 1905ರ ಲಂಡನ್ ಅಪ್‌ರೈಟಿಗೆ ಚರಿತ್ರೆ ಎಷ್ಟಿದ್ದರೂ ಮಾರುಕಟ್ಟೆಯಲ್ಲಿ ಅದು 1975ರ ಯಮಾಹಾದ ಮುಂದೆ ಸೋಲುತ್ತದೆ. ಇದು ಕಹಿ, ಆದರೆ ಮೊದಲೇ ತಿಳಿದಿದ್ದರೆ ಒಳ್ಳೆಯದು.

ವಿದೇಶದ ಹರಾಜು ಸಂಸ್ಥೆಗಳಿಗೆ ಚಿತ್ರ ಕಳುಹಿಸಿ ಅಭಿಪ್ರಾಯ ಕೇಳುವುದಕ್ಕೆ ಅರ್ಥವಿರುವುದು ಎರಡೇ ಸಂದರ್ಭದಲ್ಲಿ: ವಾದ್ಯ ಹತ್ತೊಂಬತ್ತನೆಯ ಶತಮಾನದ ಆರಂಭದ ಅಪರೂಪದ ಮಾದರಿಯಾಗಿದ್ದರೆ, ಇಲ್ಲವೇ ಹೆಸರಾಂತ ಮಾಲೀಕರ ಸಂಬಂಧ ಕಾಗದದಲ್ಲಿ ಸಾಬೀತಾಗಿದ್ದರೆ. ಉಳಿದವರಿಗೆ ಅದು ಕಾಲಹರಣ.

ಹಾಗಾದರೆ ಉಳಿದದ್ದು ಸ್ವತಂತ್ರ ಟ್ಯೂನರ್. ನನ್ನ ಮತ ಪೂರ್ತಿ ಇವರ ಕಡೆಗೇ. ಊರಿನಲ್ಲಿ ಯಾರೂ ಇಲ್ಲದಿದ್ದರೆ ಬೆಂಗಳೂರು, ಗೋವಾ ಅಥವಾ ಚೆನ್ನೈಯಿಂದ ಕರೆಸಬೇಕಾಗಬಹುದು. ಪ್ರಯಾಣದ ಖರ್ಚು ಸೇರಿದರೂ ಅದು ದಂಡವಲ್ಲ. ಕರೆಯುವಾಗಲೇ ಸ್ಪಷ್ಟವಾಗಿ ಹೇಳಿ: ಶ್ರುತಿ ಮಾಡುವುದು ಬೇಡ, ಮೊದಲು ಪರೀಕ್ಷೆ ಮಾಡಿ ಸ್ಥಿತಿಯನ್ನು ಬರೆದುಕೊಡಿ, ಅದಕ್ಕೆ ಶುಲ್ಕ ಕೊಡುತ್ತೇನೆ.

ಅವರು ನೋಡುವುದರಲ್ಲಿ ಪ್ರಾಣವಿರುವುದು ಒಂದೇ ಜಾಗದಲ್ಲಿ. ತಂತಿ ಸುತ್ತಿದ ಉಕ್ಕಿನ ಪಿನ್ನುಗಳು ಒಂದು ದಪ್ಪ ಮರದ ತೊಲೆಗೆ ಹೊಕ್ಕಿರುತ್ತವೆ, ಅದೇ ಪಿನ್ ಬ್ಲಾಕ್. ಪಿನ್ನಿಗೆ ಹಿಡಿತ ಕೊಡುವುದು ಮರದ ಬಿಗಿ ಮಾತ್ರ, ಬೇರೇನೂ ಇಲ್ಲ. ಟ್ಯೂನರ್ ತಿರುಗಿಸುವ ಸನ್ನೆಕೋಲನ್ನು ಪಿನ್ನಿನ ತಲೆಗೆ ಹಾಕಿ ಕೂದಲೆಳೆಯಷ್ಟು ತಿರುಗಿಸುತ್ತಾರೆ. ಒಳ್ಳೆಯ ಬ್ಲಾಕಿನಲ್ಲಿ ಪಿನ್ ಗಟ್ಟಿಯಾಗಿ ತಡೆದು, ಸಣ್ಣಗೆ ‘ಟಿಕ್’ ಎಂದು ಸರಿದು, ಅಲ್ಲೇ ನಿಲ್ಲುತ್ತದೆ. ಸಡಿಲಾದ ಬ್ಲಾಕಿನಲ್ಲಿ ಬೆಣ್ಣೆಯಲ್ಲಿ ಚಮಚ ಆಡಿದಂತೆ ತಿರುಗಿ, ಸನ್ನೆ ಬಿಟ್ಟೊಡನೆ ಹಿಂದಕ್ಕೆ ಜಾರುತ್ತದೆ, ಸ್ವರ ಕಣ್ಣೆದುರೇ ಇಳಿಯುತ್ತದೆ. ನಾಲ್ಕೈದು ಪಿನ್ನುಗಳು ಹಾಗಿದ್ದರೆ ಚಿಂತೆಯಿಲ್ಲ. ಸ್ವಲ್ಪ ದಪ್ಪನೆಯ ಪಿನ್ ಹಾಕಬಹುದು, ಈಗ ತೆಳು ಸೂಪರ್‌ಗ್ಲೂ ಇಳಿಸಿ ಬಿಗಿ ಮಾಡುವ ರೂಢಿಯೂ ಇದೆ. ಇಡೀ ಬ್ಲಾಕೇ ಹೋಗಿದ್ದರೆ ತಂತಿಯೆಲ್ಲ ಬಿಚ್ಚಿ ಚೌಕಟ್ಟು ಇಳಿಸಬೇಕು. ಸಾಧಾರಣ ಅಪ್‌ರೈಟಿಗೆ ಅಷ್ಟು ಖರ್ಚು ಮಾಡುವವರಿಲ್ಲ.

ಸೌಂಡ್‌ಬೋರ್ಡಿನ ಬಿರುಕು ಕಂಡವರು ಹೆದರುತ್ತಾರೆ, ಅದು ಅಷ್ಟು ಭಯಂಕರವಲ್ಲ. ಬಿರುಕಿದ್ದೂ ಚೆನ್ನಾಗಿ ನುಡಿಯುವ ವಾದ್ಯಗಳಿವೆ. ಕಬ್ಬಿಣದ ಚೌಕಟ್ಟು ಒಡೆದಿದ್ದರೆ ಮಾತ್ರ ಅಲ್ಲಿಗೆ ಕಥೆ ಮುಗಿಯಿತು. ನುಸಿ ತಿಂದ ಫೆಲ್ಟನ್ನು ಬದಲಾಯಿಸಬಹುದು, ಇಲಿ ಕಡಿದ ಪಟ್ಟಿಗಳನ್ನು ಹೊಸದಾಗಿ ಕಟ್ಟಬಹುದು. ಗೆದ್ದಲು ಹಿಡಿದಿದ್ದರೆ ಕೆಳಗಿನ ಹಲಗೆ ತೆಗೆದು, ಪೆಡಲುಗಳ ಹಿಂದೆ, ನೆಲಕ್ಕೆ ತಾಗುವ ತೊಲೆಯಲ್ಲಿ ಎಷ್ಟು ಪೊಳ್ಳಾಗಿದೆ ಎಂದು ತಟ್ಟಿ ನೋಡಲೇಬೇಕು. ಹೊರಗೆ ಹೊಳೆಯುತ್ತಿರುವ ಎಷ್ಟೋ ಪಿಯಾನೋಗಳು ನಿಂತಿರುವುದು ಕಾಗದದಷ್ಟು ಮರದ ಮೇಲೆ.

ಸ್ವರ ಎಷ್ಟು ಇಳಿದಿದೆ ಎನ್ನುವುದನ್ನೂ ಬರೆಸಿಕೊಳ್ಳಿ. ಈಗಿನ ಮಟ್ಟ ಕೀಲಿಮಣೆಯ ಮಧ್ಯದ ‘ಎ’ ಸ್ವರಕ್ಕೆ ಸೆಕೆಂಡಿಗೆ 440 ಕಂಪನ. ಅರ್ಧ ಸ್ವರ ಇಳಿದಿರುವುದು ಹಳೆಯ ವಾದ್ಯಗಳಲ್ಲಿ ಸಾಮಾನ್ಯ. ಒಂದೇ ಸಲ ಮೇಲೆಳೆದರೆ ತುಕ್ಕು ಹಿಡಿದ ತಂತಿ ಪಟಪಟನೆ ಹರಿಯುತ್ತದೆ. ಹಂತಹಂತವಾಗಿ ಏರಿಸುವ ಟ್ಯೂನರನ್ನು ನಂಬಿ, ‘ಇವತ್ತೇ ಸರಿಮಾಡಿಬಿಡುತ್ತೇನೆ’ ಎನ್ನುವವರನ್ನು ಸ್ವಲ್ಪ ಅನುಮಾನಿಸಿ.

ವಿಮೆಗಾಗಿ ಅಥವಾ ಆಸ್ತಿ ಪಾಲಿಗಾಗಿ ಬೆಲೆ ಬೇಕಿದ್ದರೆ ಅಂಗಡಿಯ ಲಿಖಿತ ಅಂದಾಜು ಬೇಕಾಗುತ್ತದೆ, ಟ್ಯೂನರಿನ ವರದಿಯನ್ನು ಅದಕ್ಕೆ ಜೋಡಿಸಿ. ಅಣ್ಣತಮ್ಮಂದಿರ ಪಾಲಿನಲ್ಲಿ ಪಿಯಾನೋಗೆ ‘ಲಕ್ಷಗಟ್ಟಲೆ’ ಎಂದು ಬಾಯಿಮಾತಿನಲ್ಲಿ ಬೆಲೆ ಹಾಕಿ ಜಗಳವಾಡುವುದಕ್ಕಿಂತ ಆ ಎರಡು ಹಾಳೆ ಅಗ್ಗ.

ದಂತದ ಕೀಲಿ ಇದ್ದರೆ

ಇದನ್ನು ಓದದೆ ಮಾರಲು ಹೊರಡಬೇಡಿ. ಹಳೆಯ ಪಿಯಾನೋಗಳ ಬಿಳಿ ಕೀಲಿಗಳ ಮೇಲಿನ ತೆಳು ಹೊದಿಕೆ ಆನೆಯ ದಂತವಾಗಿರಬಹುದು. ಗುರುತಿಸುವುದು ಕಷ್ಟವಲ್ಲ: ಪ್ರತಿ ಕೀಲಿಯ ಹೊದಿಕೆ ಎರಡು ತುಂಡಿನದಾಗಿದ್ದು, ಕಪ್ಪು ಕೀಲಿಗಳು ಮುಗಿಯುವ ಜಾಗದಲ್ಲಿ ಕೂದಲಿನಷ್ಟು ಸಣ್ಣ ಅಡ್ಡಗೆರೆ ಕಾಣುತ್ತದೆ. ಬಣ್ಣ ಒಂದೊಂದು ಕೀಲಿಗೆ ಒಂದೊಂದು ಬಗೆಯ ಹಳದಿ. ಓರೆ ಬೆಳಕಿನಲ್ಲಿ ನೋಡಿದರೆ ಸಮವಲ್ಲದ ಸಣ್ಣ ಎಳೆಗಳು. ದಂತದ ಬದಲು ಬಳಸುತ್ತಿದ್ದ ಹಳೆಯ ಪ್ಲಾಸ್ಟಿಕ್ ಸೆಲ್ಯುಲಾಯ್ಡ್ ಸಾಮಾನ್ಯವಾಗಿ ಒಂದೇ ತುಂಡು, ಅದರಲ್ಲಿ ಗೆರೆಗಳಿದ್ದರೂ ಯಂತ್ರ ಎಳೆದಂತೆ ಸಮಾನಾಂತರ. ಕಾಯಿಸಿದ ಸೂಜಿ ಚುಚ್ಚಿ ಪರೀಕ್ಷಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು.

ಒಂದು ಕಾಲಕ್ಕೆ ದಂತವಿದ್ದರೆ ಬೆಲೆ ಏರುತ್ತಿತ್ತು, ಈಗ ಅದೇ ಕುತ್ತು. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿಯೂ 1991ರಲ್ಲಿಯೂ ಬಂದ ತಿದ್ದುಪಡಿಗಳಿಂದ ದಂತದ ವ್ಯಾಪಾರ, ಆಫ್ರಿಕದ ಆನೆಯ ದಂತವೂ ಸೇರಿದಂತೆ, ನಿಷಿದ್ಧ. ‘ಇದು ನೂರು ವರ್ಷದ ಹಿಂದಿನದು’ ಎನ್ನುವುದು ನಮ್ಮಲ್ಲಿ ವಿನಾಯಿತಿಯಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. 2018ರ ದಂತ ಕಾಯ್ದೆಯಲ್ಲಿ, 1975ಕ್ಕೆ ಮುಂಚೆ ಮಾಡಿದ ಮತ್ತು ಶೇ. 20ಕ್ಕಿಂತ ಕಡಿಮೆ ದಂತವಿರುವ ಸಂಗೀತ ವಾದ್ಯಗಳನ್ನು ನೋಂದಾಯಿಸಿ ಮಾರಲು ಅವಕಾಶವಿದೆ. ಅಲ್ಲಿನ ಜಾಹೀರಾತುಗಳಲ್ಲಿ ‘ಅಸಲಿ ದಂತದ ಕೀಲಿ’ ಎಂದು ಹೆಮ್ಮೆಯಿಂದ ಬರೆದಿರುವುದನ್ನು ನೋಡಿ ಇಲ್ಲಿಯೂ ಹಾಗೆ ಬರೆಯುವವರು ಅರಣ್ಯ ಇಲಾಖೆಯನ್ನು ತಾವೇ ಮನೆಗೆ ಕರೆದಂತೆ. ವಂಶಪಾರಂಪರ್ಯವಾಗಿ ಬಂದ ವಸ್ತುವನ್ನು ಇಟ್ಟುಕೊಳ್ಳುವುದಕ್ಕೂ ಘೋಷಣೆ ಮತ್ತು ಪ್ರಮಾಣಪತ್ರದ ನಿಯಮಗಳಿವೆ. ವಕೀಲರನ್ನು ಅಥವಾ ಇಲಾಖೆಯನ್ನು ಮೊದಲೇ ಕೇಳಿಕೊಂಡರೆ ನೆಮ್ಮದಿ.

ವಿದೇಶದಲ್ಲಿರುವ ಮಗಳಿಗೆ ಪಿಯಾನೋ ಕಳುಹಿಸೋಣ ಎನ್ನುವವರಿಗೆ ಇನ್ನೊಂದು ಕಾನೂನಿದೆ. ನೂರು ವರ್ಷ ದಾಟಿದ ಕುಶಲ ವಸ್ತುಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಪುರಾವಸ್ತು ಎಂದಾದರೆ ಖಾಸಗಿಯವರು ಅದನ್ನು ದೇಶದಾಚೆ ಕಳುಹಿಸುವಂತಿಲ್ಲ. ವಯಸ್ಸು ಖಚಿತವಾಗಿ ತಿಳಿದಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ: 98 ವರ್ಷವೋ 104 ವರ್ಷವೋ ಎನ್ನುವುದು ಇಲ್ಲಿ ಕುತೂಹಲದ ಪ್ರಶ್ನೆಯಲ್ಲ.

ರಿಪೇರಿಯೋ, ಮಾರಾಟವೋ, ದಾನವೋ?

ದೊಡ್ಡ ಹೆಸರಿನ ಗ್ರ್ಯಾಂಡ್ ಇದ್ದು ಪಿನ್ ಬ್ಲಾಕ್ ಗಟ್ಟಿಯಿದ್ದರೆ ರಿಪೇರಿಗೆ ಹಾಕಿದ ಹಣ ಬೆಲೆಯಾಗಿ ತಿರುಗಿ ಬರುವ ಸಾಧ್ಯತೆ ಇದೆ. ಅಡ್ಡ ತಂತಿಯ ಒಳ್ಳೆಯ ಜರ್ಮನ್ ಅಪ್‌ರೈಟ್ ಆದರೆ ಹಾಕಿದ್ದರಲ್ಲಿ ಒಂದಿಷ್ಟು ಬರುತ್ತದೆ. ನೇರ ತಂತಿಯ, ಹಕ್ಕಿಪಂಜರದ, ಅನಾಮಿಕ ಲಂಡನ್ ಅಪ್‌ರೈಟಿಗೆ ಲಕ್ಷ ಸುರಿದರೂ ಮಾರುವಾಗ ಅದು ಸಿಗದು. ಮನೆಯಲ್ಲಿ ಯಾರಾದರೂ ದಿನವೂ ನುಡಿಸುತ್ತಾರೆ, ಅಜ್ಜಿಯ ವಾದ್ಯದ ದನಿಯೇ ಬೇಕು ಎನ್ನುವುದಾದರೆ ಲೆಕ್ಕ ನೋಡದೆ ಮಾಡಿಸಿ. ಆಗ ಅದು ಹೂಡಿಕೆಯಲ್ಲ, ಖರ್ಚು, ಹಾಗೆಂದು ಒಪ್ಪಿಕೊಂಡರೆ ಆಮೇಲೆ ಕೊರಗಿಲ್ಲ. ಹಳೆಯ ಹೊಳಪನ್ನು ಉಜ್ಜಿ ತೆಗೆದು ಹೊಸ ಪಾಲಿಶ್ ಹೊಡೆಸುವುದನ್ನು ಮಾತ್ರ ಎಲ್ಲಕ್ಕಿಂತ ಕೊನೆಗೆ ಇಡಿ. ಹೆಸರಿನ ಚಿನ್ನದ ಅಕ್ಷರ, ಅಂಗಡಿಯ ಪಟ್ಟಿ, ಪೆನ್ಸಿಲ್ ಗುರುತು ಎಲ್ಲ ಬಡಗಿಯ ಉಪ್ಪುಕಾಗದಕ್ಕೆ ಹೋಗುತ್ತವೆ.

ದಾನ ಕೊಡುವವರು ಒಂದು ಮಾತು ಕೇಳಿ. ಶಾಲೆಗೋ ಚರ್ಚಿಗೋ ಶ್ರುತಿ ನಿಲ್ಲದ ಪಿಯಾನೋ ಕೊಡುವುದು ನಮ್ಮ ತಲೆನೋವನ್ನು ಅವರಿಗೆ ದಾಟಿಸಿದಂತೆ. ಮೊದಲ ಎರಡು ವರ್ಷದ ಶ್ರುತಿಯ ಖರ್ಚನ್ನೂ ಸೇರಿಸಿ ಕೊಟ್ಟರೆ ಅದು ದಾನ.

ಮಾರುವುದೇ ಆದರೆ ಊರಿನೊಳಗೆ ಮಾರುವುದು ಮೇಲು. ಅಪ್‌ರೈಟ್ ಒಂದರ ತೂಕ 200ರಿಂದ 250 ಕಿಲೋ, ಹೊರಿಸಲು ಪಿಯಾನೋ ಎತ್ತಿ ಗೊತ್ತಿರುವ ಆಳುಗಳೇ ಬೇಕು. ಮನೆ ಸಾಗಿಸುವ ಸಾಮಾನ್ಯ ಲಾರಿಯವರು ಕೆಳಗಿನ ಗಾಲಿಗಳ ಮೇಲೆ ನೂಕಿಕೊಂಡು ಹೋಗಿ ಕಾಲು ಮುರಿಯುತ್ತಾರೆ. ಹವೆ ಬದಲಾದರೂ ವಾದ್ಯ ಕೆಡುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ಊದಿಕೊಂಡ ಕೀಲಿ ಒತ್ತಿದರೆ ಮೇಲೇಳುವುದಿಲ್ಲ. ಅದೇ ವಾದ್ಯ ಮಾರ್ಚಿನ ಬೆಂಗಳೂರಿಗೆ ಬಂದರೆ ಮರ ಒಣಗಿ ಪಿನ್ನುಗಳು ಸಡಿಲವಾಗುತ್ತವೆ, ಕೊಂಡವರು ನಿಮಗೆ ಫೋನ್ ಮಾಡುತ್ತಾರೆ. ಹೊಸ ಜಾಗದಲ್ಲಿ ಎರಡು ಮೂರು ವಾರ ಹಾಗೇ ಬಿಟ್ಟು ಆಮೇಲೆ ಶ್ರುತಿ ಮಾಡಿಸಬೇಕೆಂದು ಅವರಿಗೆ ಮೊದಲೇ ಹೇಳಿ. ರಶೀದಿಯಲ್ಲಿ ತಯಾರಕರ ಹೆಸರು, ಕ್ರಮಸಂಖ್ಯೆ, ಟ್ಯೂನರ್ ವರದಿಯ ತಾರೀಖು, ಸಾಗಾಟದ ಖರ್ಚು ಯಾರದು ಎಂಬ ನಾಲ್ಕನ್ನೂ ಬರೆಯಿರಿ. ನೀವು ಕಲೆಹಾಕಿದ ಕಾಗದ, ಚಿತ್ರಗಳ ಒಂದು ಪ್ರತಿಯನ್ನು ಕೀಲಿಮಣೆಯ ಕೆಳಗಿನ ಹಲಗೆಯ ಒಳಬದಿಗೆ, ಲಕೋಟೆಯಲ್ಲಿ ಹಾಕಿ ಅಂಟಿಸಿ ಕಳುಹಿಸಿ.